ಪಕ್ಕದ ಮನೆಯ ಸಕ್ಕರೆ ಅಚ್ಚು

ಮೊನ್ನೆ ಸಕ್ಕರೆಯ ಹೊಸ ಪೊಟ್ಟಣ ಒಡೆದು ಡಬ್ಬಿಗೆ ಸುರಿಯುವಾಗ ನಾಲ್ಕು ಹರಳು ಕಟ್ಟೆಯ ಮೇಲೆ ಬಿದ್ದವು. ದಪ್ಪ ಹರಳು, ತುಸು ಹಳದಿ. ಬೆರಳಲ್ಲಿ ಒತ್ತಿ ಎತ್ತಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಅಕ್ಕ ನೆನಪಾದರು...

ಎಂಬತ್ತರ ದಶಕ. ಕೆಜಿಎಫ್‌ನಲ್ಲಿ ನಮ್ಮವರೂ ಅವರ ಯಜಮಾನರೂ ಒಂದೇ ಕಾರ್ಖಾನೆ. ಕ್ವಾರ್ಟರ್ಸಿನಲ್ಲಿ ನಡುವೆ ಒಂದೇ ಗೋಡೆ. ಅಕ್ಕ ಮಂಡ್ಯದ ಕಡೆಯವರು. ಸಂಕ್ರಾಂತಿಗೆ ಅವರು ಹೊಯ್ಯುತ್ತಿದ್ದ ಸಕ್ಕರೆ ಅಚ್ಚು ಇಡೀ ಸಾಲಿಗೇ ಹೆಸರುವಾಸಿ. ನಾನೂ ಮಾಡುತ್ತಿದ್ದೆ, ನನ್ನವು ಹಳೇ ಗೋಡೆಯ ಬಣ್ಣಕ್ಕೆ ಬರುತ್ತಿದ್ದವು. ನಮ್ಮತ್ತೆ ಬಂಗಾರಪೇಟೆಯ ಮಗಳ ಮನೆಗೆ ಕಳಿಸುವ ಎಳ್ಳಿನ ತಟ್ಟೆಗೆ ಪ್ರತಿ ವರ್ಷ ಅಕ್ಕ ಕೊಟ್ಟ ಅಚ್ಚನ್ನೇ ಜೋಡಿಸುತ್ತಿದ್ದರು.

“ಮಲ್ಲಿಗೆ ಮೊಗ್ಗಿದ್ದಂಗವೆ. ನಿನ್ನವು ಮನೆ ಮಕ್ಳಿಗೆ ಆಯ್ತವೆ ಬಿಡಮ್ಮಿ,” ಎನ್ನುತ್ತಿದ್ದರು ಅತ್ತೆ.

ಅಕ್ಕ ತವರಿನಿಂದ ಒಳ್ಳೆಯ ಸಕ್ಕರೆ ತರಿಸುತ್ತಾರೆ, ಅದಕ್ಕೇ ಅಷ್ಟು ಬಿಳುಪು ಎಂದು ನಾನೇ ತೀರ್ಮಾನಿಸಿದ್ದೆ. ನಮಗೆ ಸೊಸೈಟಿಯ ಸಣ್ಣ ಕಾಳಿನ, ಕೈಗಂಟುವ ಸಕ್ಕರೆ. ಅವರ ಮನೆಯಿಂದ ಪಾಕದ ವಾಸನೆ ಬಂದರೆ ಎದ್ದು ಕಿಟಕಿ ಮುಚ್ಚುತ್ತಿದ್ದೆ.

ಒಂದು ವರ್ಷ ಸಕ್ಕರೆಗೆಂದು ಬಂಗಾರಪೇಟೆಗೇ ಹೋದೆ. ಅಂಗಡಿಯವರು ಸಣ್ಣ, ಮಧ್ಯಮ, ದಪ್ಪ ಎಂದು ಮೂರು ಬಗೆ ಕಾಗದದ ಮೇಲೆ ಹರಡಿದರು. ಕಾಳಿನ ಗಾತ್ರಕ್ಕೆ ಒಂದು ದರ್ಜೆ, ಬಿಳುಪಿಗೆ ಬೇರೆ ದರ್ಜೆ, ಅಚ್ಚಿಗೆ ಈ ಮಧ್ಯಮದ್ದೇ ವಾಸಿ ಎಂದು ಹೇಳಿಯೂ ಹೇಳಿದರು. ನನ್ನ ಕಣ್ಣು ದಪ್ಪ ಹರಳು ಬಿಟ್ಟು ಕದಲಲಿಲ್ಲ, ಅದನ್ನೇ ತಂದೆ. ಇಂಥ ಸಕ್ಕರೆಯಲ್ಲಿ ಕೊಳೆ ಎಲ್ಲಿಂದ ಬಂತು ಎಂದುಕೊಂಡು, ಪಾಕಕ್ಕೆ ಹಾಲು ಬಿಟ್ಟು ಕಸ ತೆಗೆಯುವ ಕೆಲಸವನ್ನೂ ಕೈಬಿಟ್ಟೆ. ಮರದ ಅಚ್ಚು ಬಿಚ್ಚಿದರೆ ಟೀ ಬಣ್ಣದ ಗಿಳಿಗಳು.

ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಬಂದ ಅಕ್ಕ ಒಂದು ಗಿಳಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ದಪ್ಪ ಹರಳು ಅಂದ್ರೆ ಬಿಳೀದು ಅಂತಲ್ಲ ಕಣವ್ವ. ಹಾಲು ಬಿಡ್ನಿಲ್ವಾ?”

ನಿಮ್ಮ ತವರಿನ ಸಕ್ಕರೆ ನಮಗೆಲ್ಲಿ ಸಿಗಬೇಕು ಎಂದೆ. ನಕ್ಕುಬಿಟ್ಟರು.

“ತವರಿಂದಾ? ಸೊಸೈಟೀಲಿ ನಿನ್ನ ಹಿಂದೇನೇ ನಿಂತ್ಕಂಡು ತರಾದು ನಾನು.”

ಸಕ್ಕರೆಯ ಮೇಲಿದ್ದ ಹೊಟ್ಟೆಕಿಚ್ಚು ಆವತ್ತು ಅವರ ಕೈಗುಣದ ಮೇಲೆ ತಿರುಗಿತು. ಅದು ಇನ್ನೂ ಹೆಚ್ಚಿನ ಉರಿ. ಆ ವರ್ಷವೂ ಅವರ ಅಚ್ಚೇ ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಹೋದವು.

ಆಮೇಲೆ ಅವರ ಪಕ್ಕ ನಿಂತು, ಬಾಯಿ ಮುಚ್ಚಿಕೊಂಡು ಕಲಿತೆ. ಹಾಲು ಬಿಡುವ ಹೊತ್ತು, ಸೋಸುವ ಬಟ್ಟೆ, ಎಲ್ಲವನ್ನೂ ತೋರಿಸಿಕೊಟ್ಟರು. ಅಷ್ಟು ಸಲೀಸಾಗಿ ಕೊಟ್ಟರಲ್ಲ ಎಂದು ಅದಕ್ಕೂ ಸಿಟ್ಟು... ಅವರು ಊರು ಬಿಟ್ಟು ಹೋದ ವರ್ಷ ನನ್ನ ಅಚ್ಚು ಬೆಳ್ಳಗೆ ಬಂದವು. ಅತ್ತೆ ಒಂದನ್ನು ಬಾಯಿಗಿಟ್ಟುಕೊಂಡು, “ಅವಳು ಕಳ್ಸಿದ್ಲಾ?” ಅಂದರು.

ಅತ್ತೆ ಈಗಿಲ್ಲ. ಅಕ್ಕ ತೀರಿಕೊಂಡ ಸುದ್ದಿ ಬಂದೂ ವರ್ಷಗಳಾದವು. ಈ ಸಂಕ್ರಾಂತಿಗೂ ಅಚ್ಚು ಹೊಯ್ದೆ, ಚೆನ್ನಾಗಿಯೇ ಬಂದವು. ಅವರವುಗಳಷ್ಟು ಬೆಳ್ಳಗಿವೆಯೋ ಇಲ್ಲವೋ, ಪಕ್ಕದಲ್ಲಿಟ್ಟು ಹೇಳುವವರು ಯಾರೂ ಉಳಿದಿಲ್ಲ.