ಹರಿಹರದ ಹೊಳೆಯಲ್ಲಿ ಕಸಕ್ಕಾಗಿ ಕಾದದ್ದು

ನಿಟ್ಟುವಳ್ಳಿಯಿಂದ ಆಟೊದಲ್ಲಿ ಬಸ್ ನಿಲ್ದಾಣಕ್ಕೆ ಹೊರಟಾಗ, ಸಮುದ್ರವನ್ನು ಸ್ವಚ್ಛಗೊಳಿಸುವ ಯಂತ್ರ ನನ್ನ ತೊಡೆಯ ಮೇಲಿತ್ತು. ಎರಡು ಖಾಲಿ ನೀರಿನ ಕ್ಯಾನು, ನಡುವೆ ಬಿಗಿದ ನಮ್ಮ ಹಳೆಯ ಸೊಳ್ಳೆಪರದೆ. ಒಂಬತ್ತನೇ ತರಗತಿಯ ನನ್ನ ಮಗಳು ಸಿಂಚನಾ ಗೆಳತಿಯರೊಂದಿಗೆ ಶಾಲೆಯಲ್ಲಿ ಕಟ್ಟಿದ್ದು. ಅದು ಹರಿಹರದ ಹೊಳೆಯಲ್ಲಿ ಕಸ ಹಿಡಿದರೆ ಶಾಲೆಯಿಂದ ತಂಡಕ್ಕೆ ಕಾರವಾರದ ಕಡಲತೀರಕ್ಕೆ ಪ್ರವಾಸ, ಜೊತೆಗೆ ಒಬ್ಬ ತಾಯಿಗೂ. ಕಾನ್ವೆಂಟಿನಲ್ಲಿ ಸಮುದ್ರದ ಮೇಲೆ ಪ್ರಬಂಧ ಬರೆದು ಬಹುಮಾನ ಪಡೆದ ನಾನು ಈವರೆಗೂ ಸಮುದ್ರ ನೋಡಿಲ್ಲ.

ಬಸ್ಸಿನಲ್ಲಿ ವಿಜ್ಞಾನದ ಶೈಲಾ ಮಿಸ್ ಮತ್ತು ಉಳಿದ ಹುಡುಗಿಯರು ಸೇರಿಕೊಂಡರು.

"ನಿಮಗ ಫ್ರೀ ಐತ್ರಿ ಅಕ್ಕಾರ, ಇದಕ್ಕಿಲ್ಲ," ಎಂದು ಕಂಡಕ್ಟರ್ ಯಂತ್ರಕ್ಕೆ ಲಗೇಜ್ ಟಿಕೆಟ್ ಕೊಟ್ಟರು.

"ಅದೂ ಹೆಣ್ಣೈತೇನ ಕೇಳ್ರಿ ಮೊದ್ಲು," ಎಂದರು, ಹುಡುಗಿಯರ ಮಾತು ಕೇಳಿಸಿಕೊಂಡಿದ್ದ ಹಿಂದಿನ ಸೀಟಿನ ಅಜ್ಜ. "ಸಮುದ್ರದ ಕಸ ತೆಗಿಯಾಕ ಹರಿಹರಕ್ಕ್ಯಾಕ ಹೊಂಟೀರಿ?"

"ಹೊಳೆ ಕೊನೆಗೆ ಅಲ್ಲಿಗೇ ಹೋಗುತ್ತಲ್ಲ ತಾತ," ಎಂದಳು ಸಿಂಚನಾ.

ಹರಿಹರದಲ್ಲಿ ಮೋಡ, ತಣ್ಣನೆಯ ಗಾಳಿ. ಹುಡುಗಿಯರು ಎರಡೂ ಕಡೆ ಹಗ್ಗ ಕಟ್ಟಿ ಯಂತ್ರವನ್ನು ಸ್ನಾನಘಟ್ಟದ ಪಕ್ಕ ತೇಲಿಬಿಟ್ಟರು. ಆದರೆ ಹಿಂದಿನ ದಿನವಷ್ಟೇ ಯಾರೋ ದಂಡೆಯನ್ನೆಲ್ಲ ಶುಚಿ ಮಾಡಿ ಹೋಗಿದ್ದರು. ತಂದಿದ್ದ ಮಂಡಕ್ಕಿ ಮುಗಿದರೂ ಒಂದು ಎಲೆ ಕೂಡ ಬರಲಿಲ್ಲ.

"ಅಮ್ಮ, ಕಸಾನೇ ಇಲ್ಲ!" ಮಗಳ ಕಣ್ಣು ತುಂಬಿತು. ಮಂಡಕ್ಕಿಯ ಖಾಲಿ ಕವರನ್ನು ಮೆಲ್ಲಗೆ ನೀರಿನತ್ತ ಒಯ್ದೆ.

"ಮೇಡಂ," ಎಂದರು ಮಿಸ್, ಅಷ್ಟೇ. ಕವರು ನನ್ನ ಬ್ಯಾಗಿಗೆ ಮರಳಿತು.

ಆಗ ಒಬ್ಬ ಅಜ್ಜಿ ಸೊಸೆಯೊಂದಿಗೆ ಬಂದು ಹೊಳೆಗೆ ಬಾಗಿನ ಬಿಟ್ಟರು. ಮೊರಗಳೆರಡನ್ನೂ ಸೇರಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಟಿಸಿದ ಬಾಗಿನ. ಅದು ನೇರ ಬಂದು ನಮ್ಮ ಪರದೆಗೆ ತಗುಲಿ ನಿಂತಿತು.

"ಅಯ್ಯೋ, ಗಂಗವ್ವ ಒಲ್ಲೆ ಅಂದ್ಲು!" ಅಜ್ಜಿ ಎದೆ ಹಿಡಿದುಕೊಂಡರು.

"ಗಂಗವ್ವ ಅಲ್ಲಜ್ಜಿ, ನಮ್ಮ ಸೊಳ್ಳೆಪರದೆ," ಎಂದಳು ಸಿಂಚನಾ. "ಪ್ಲಾಸ್ಟಿಕ್ ಯಾಕೆ ಸುತ್ತಿದ್ರಿ?"

"ಒಳಗಿಟ್ಟ ಕುಪ್ಪಸದ ಕಣ ನೆನೀಬಾರ್ದು ಅಂತ," ಸೊಸೆ ಮೆಲ್ಲಗೆ ಹೇಳಿದಳು.

"ಹೊಳಿಗೆ ಬಿಟ್ಟಿದ್ದು ನೆನೀದಂಗ ಇರ್ತೈತೇನ ನಮ್ಮವ್ವ!" ಅಜ್ಜಿ ಸೊಸೆಯನ್ನು ಗದರಿದರು.

ತಾವೇ ಪ್ಲಾಸ್ಟಿಕ್ ಕಿತ್ತು ಸಿಂಚನಾಳ ಕೈಗಿಟ್ಟು, ಬಾಗಿನವನ್ನು ಮತ್ತೆ ಬಿಟ್ಟರು. ಅದು ಮತ್ತೆ ಪರದೆಗೇ ಬಂತು! ಸಿಂಚನಾ ಒಂದು ಕಡೆಯ ಹಗ್ಗ ಸಡಿಲಿಸಿದಳು. ಪರದೆ ಬಾಗಿಲಿನಂತೆ ಸರಿಯಿತು, ಬಾಗಿನ ದಾಟಿತು. ಅಜ್ಜಿ ಕೈಮುಗಿದರು, ಹೊಳೆಗೋ ಮಗಳಿಗೋ ತಿಳಿಯಲಿಲ್ಲ.

"ಪ್ಲಾಸ್ಟಿಕ್ ಹಿಡೀತು, ಒಪ್ಪಿದೆ," ಎಂದರು ಮಿಸ್. "ಆ ಬಾಗಿಲು ತಾನಾಗೇ ತೆರೆಯೋ ಹಾಗೆ ಮಾಡಿ. ಕಾರವಾರಕ್ಕೆ ಹೋಗೋಣ."

ಮೆಟ್ಟಿಲು ಹತ್ತುವಾಗ ತಿರುಗಿ ನೋಡಿದೆ. ಮೊರಗಳ ಸಂದಿನಿಂದ ಹಸಿರು ಕಣದ ತುದಿ ಹೊರಬಂದು ಚೆನ್ನಾಗಿ ನೆನೆದಿತ್ತು. ಬಾಗಿನ ಕೊಂಚ ವಾಲಿಕೊಂಡು, ನನಗಿಂತ ಮೊದಲೇ ಸಮುದ್ರದ ದಾರಿ ಹಿಡಿದಿತ್ತು.