ಸಣ್ಣಬೀರಯ್ಯನವರ ಸೀಮೆಸುಣ್ಣ

ಬೆಳಗಿನ ಆರು ಗಂಟೆ. ಹುಣಸೂರಿನಾಚೆ, ಸೇನೆಯ ರೈಫಲ್ ತರಬೇತಿ ಮೈದಾನದಲ್ಲಿ ಮಂಜು ಇನ್ನೂ ಕರಗಿಲ್ಲ. ಗುರಿಹಲಗೆಗಳ ಕೆಳಗಿನ ಆಳವಾದ ಕಂದಕದಲ್ಲಿ ಐವತ್ತೇಳರ ಸಣ್ಣಬೀರಯ್ಯ ಕೂತಿದ್ದಾರೆ. ಕೈಯಲ್ಲಿ ಸೀಮೆಸುಣ್ಣ, ಪಕ್ಕದಲ್ಲಿ ಸ್ಲೇಟು, ಹೆಂಡತಿ ಮಾಯಮ್ಮ ಕಾಯಿಸಿಕೊಟ್ಟ ಮೈದಾ ಅಂಟಿನ ಡಬ್ಬಿ. ತಲೆಯ ಮೇಲೆ ಗುಂಡುಗಳು ಹಾರುತ್ತವೆ. ಸದ್ದು ನಿಂತ ಮೇಲೆ ಹಲಗೆಯನ್ನು ಕೆಳಗಿಳಿಸಿ, ತೂತು ಎಣಿಸಿ, ಸ್ಲೇಟಿನಲ್ಲಿ ಬರೆದು, ಒಂದೊಂದು ತೂತಿಗೂ ಕಾಗದದ ಚೂರು ಮೆತ್ತುತ್ತಾರೆ.

ದಿನಕ್ಕೆ ನಾನೂರು ತೂತು, ಇಪ್ಪತ್ತೆಂಟು ವರ್ಷ. ಕಿವಿ ಅರ್ಧ ಹೋಗಿದೆ, ಏನು ಕೇಳಿದರೂ ಎರಡು ಸಲ ಕೂಗಬೇಕು. ಆದರೆ ತೂತು ನೋಡಿ ಹೊಡೆದವನ ತಪ್ಪನ್ನು ಹೇಳಿಬಿಡುತ್ತಾರೆ. "ಮ್ಯಾಲಿಂದ ಕೆಳ್ಗೆ ಸಾಲಾಗ್ ಬಿದ್ದವೆ ನೋಡಿ, ಇವ್ನು ಉಸ್ರು ಇಡ್ದಿಲ್ಲ ಕಣ್ರೀ."

ಈಗ ಹೊಸ ಹಲಗೆಗಳು ಬಂದಿವೆ. ಗುಂಡು ತಗುಲಿದ ಜಾಗವನ್ನು ಅವೇ ಪತ್ತೆಹಚ್ಚಿ, ಹೊಡೆದವನ ಪಕ್ಕದ ಪರದೆಯಲ್ಲಿ ಅಂಕವನ್ನೂ ತಪ್ಪನ್ನೂ ತೋರಿಸುತ್ತವೆ. ಕಂದಕದಲ್ಲಿ ಮನುಷ್ಯ ಬೇಕಿಲ್ಲ. ತಿಂಗಳ ಕೊನೆಗೆ ಸಣ್ಣಬೀರಯ್ಯನವರ ಕೆಲಸ ಮುಗಿಯುತ್ತದೆ. ಪತ್ರಿಕೆಗೆ ಅವರ ಬಗ್ಗೆ ಬರೆಯಲು ನಾನು ಬಂದಿದ್ದೆ. ಯಂತ್ರದ ಮೇಲೆ ಸಿಟ್ಟಿಲ್ಲವೇ ಎಂದು ಕೂಗಿದೆ.

"ಒಟ್ಟೆಪಾಡಿಗೆ ಬೇಜಾರದೆ. ಆದ್ರೆ ಮಿಷನ್ ಬಂದದ್ದು ಒಳ್ಳೇದೇಯ," ಎಂದವರು, ಸೀಮೆಸುಣ್ಣವನ್ನು ಬೆರಳಲ್ಲಿ ಉರುಳಿಸುತ್ತಾ ಹಳೆಯ ಮಾತೊಂದನ್ನು ತೆಗೆದರು. "ಬರ್ಕಳಿ. ಈಗ್ಯಾಕೆ ಮುಚ್ಚಿಡ್ಲಿ?"

ಹನ್ನೊಂದು ವರ್ಷದ ಹಿಂದೆ ಅಂಕ ಬರೆಯಲು ಅವರ ಕಿವಿಯ ಮೇಲೆ ಪೆನ್ಸಿಲ್ ಇರುತ್ತಿತ್ತು. ಪಿರಿಯಾಪಟ್ಟಣದ ಕಡೆಯ ನಿಂಗರಾಜು ಎಂಬ ಅಭ್ಯರ್ಥಿಗೆ ಅಂದು ಕೊನೆಯ ಪರೀಕ್ಷೆ. ಹತ್ತರಲ್ಲಿ ಏಳು ತಾಗಬೇಕು, ತಾಗಿದ್ದು ಆರು. ತಪ್ಪಿದರೆ ಮನೆಗೆ ವಾಪಸು. "ನಮ್ ಕಡೆ ಉಡ್ಗ, ಪಾಪ ಅನ್ನುಸ್ತು. ಪೆನ್ಸಿಲ್ಲಲ್ಲಿ ಒಂದು ತೂತು ಚುಚ್ದೆ. ಏಳಾಯ್ತು."

ನಿಂಗರಾಜು ಪಾಸಾಗಿ ಗಡಿಗೆ ಹೋದ. ಮರುವರ್ಷ ಗುಂಡಿನ ಚಕಮಕಿಯಲ್ಲಿ ತೀರಿಕೊಂಡ. ಸುದ್ದಿ ಬಂದ ದಿನದಿಂದ ಸಣ್ಣಬೀರಯ್ಯ ಕಂದಕಕ್ಕೆ ಪೆನ್ಸಿಲ್ ಒಯ್ದಿಲ್ಲ. ಸೀಮೆಸುಣ್ಣದಲ್ಲಿ ಚುಚ್ಚಿದರೆ ಅದೇ ಮುರಿಯುತ್ತದೆ.

ಚೆನ್ನಾಗಿ ಗುರಿ ಇಡುವವರೂ ಸಾಯುತ್ತಾರಲ್ಲ, ಅದು ನಿಮ್ಮ ತಪ್ಪು ಹೇಗಾಗುತ್ತದೆ ಎಂದೆ.

"ಸಾಯ್ತಾರೆ ಬುಡಿ. ಆದ್ರೆ ಅವತ್ತು ಫೇಲಾಗಿದ್ರೆ ಊರಲ್ಲಿ ಒಗೆಸೊಪ್ಪು ಬೆಳ್ಕಂಡು ಇರ್ತಿದ್ನಲ್ವಾ?"

ಮೇಲೆ ಮತ್ತೆ ಗುಂಡಿನ ಸದ್ದು ಶುರುವಾಯಿತು. ಅದು ನಿಂತ ಮೇಲೆ ಅವರು ಹಲಗೆ ಇಳಿಸಿ, ತೂತು ಎಣಿಸಿ ಸ್ಲೇಟಿನಲ್ಲಿ ಬರೆದರು.

ಕೆಲಸ ಬಿಡುವ ಮುಂಚೆ ಮೈದಾನದ ಸಾಹೇಬರ ಹತ್ತಿರ ಏನಾದರೂ ಕೇಳಿಕೊಳ್ಳುತ್ತೀರಾ ಎಂದೆ. ಗೋಡೆಗೆ ಒರಗಿಸಿಟ್ಟ ಹೊಸ ಹಲಗೆಯನ್ನು ಅಂಗೈಯಿಂದ ಸವರುತ್ತಾ ಸಣ್ಣಬೀರಯ್ಯ ಹೇಳಿದರು:

"ನಂಗೇನೂ ಬ್ಯಾಡ. ಇದು ಯಾರನ್ನ ಕಂಡೂ ಪಾಪ ಅನ್ದೇ ಇದ್ರೆ ಸಾಕು."