ಅತ್ತೆಯನ್ನು ನಡೆಸಿದ ಡಾಕ್ಟರು

ಶಿವಮೊಗ್ಗದ ಆ ಮೂಳೆ ಡಾಕ್ಟರ ವಾಚಿನ ಪಟ್ಟಿಗೆ ಸದಾ ಒಣಗಿದ ಪ್ಲಾಸ್ಟರ್ ಮೆತ್ತಿರುತ್ತಿತ್ತು. ಆರಡಿ ಎತ್ತರದ ಆಳು. ಮಂಡಿನೋವಿನ ಮುದುಕಿಯರು ಬಂದರೆ ಕುರ್ಚಿ ಬಿಟ್ಟೆದ್ದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, "ಮನೇಲಿ ಹೀಗೆ ಕೂತ್ಕೋತೀರಾ? ಇನ್ಮೇಲೆ ಬೇಡ" ಎಂದು ತೋರಿಸುತ್ತಿದ್ದರು. ಏಳುವಾಗ ಅವರ ಮಂಡಿಯೇ ಲಟಕ್ಕೆನ್ನುತ್ತಿತ್ತು, ಮುದುಕಿಯರಿಗೆ ನಗು. ಜೊತೆಗೆ ಬಂದ ಮಗ ಉತ್ತರ ಹೇಳಲು ಬಾಯಿ ತೆರೆದರೆ ಮಾತ್ರ ಗದರುತ್ತಿದ್ದರು: "ನೋವು ಯಾರಿಗೆ ಮಾರಾಯ, ನಿಂಗಾ?"

ತೊಂಬತ್ತರ ದಶಕದ ಕೊನೆ. ಭದ್ರಾವತಿ ಓಲ್ಡ್ ಟೌನಿನ ನಮ್ಮ ಮನೆಯ ಬಚ್ಚಲಲ್ಲಿ ಅತ್ತೆ ಜಾರಿ ಬಿದ್ದರು. ತೊಡೆಮೂಳೆ ಸೊಂಟದ ಹತ್ತಿರವೇ ಮುರಿಯಿತು. ಈ ವಯಸ್ಸಿಗೆ ಆಪರೇಷನ್ ಯಾಕೆ, ಹಾಸಿಗೆಯಲ್ಲೇ ನೋಡಿಕೊಂಡರಾಯಿತು ಎಂದರು ನೆಂಟರು. ನೋಡಿಕೊಳ್ಳಬೇಕಾದವಳು ನಾನು, ನನ್ನನ್ನು ಯಾರೂ ಕೇಳಲಿಲ್ಲ. ಆದರೂ ಶಿವಮೊಗ್ಗಕ್ಕೆ ಕರೆದೊಯ್ದೆವು. ಅಲ್ಲಿ ಡಾಕ್ಟರು ಅತ್ತೆಯನ್ನೇ ಕೇಳಿದರು. "ರಾಡು ಹಾಕ್ದಿದ್ರೆ ಏಳೋಕಾಗಲ್ಲ ಅಮ್ಮ. ಮಲಗಿದಲ್ಲೇ ಬೆನ್ನು ಹುಣ್ಣಾಗುತ್ತೆ, ಎದೇಲಿ ಕಫ ಕಟ್ಟುತ್ತೆ, ಹೆಚ್ಚು ದಿನ ಇರಲ್ಲ. ಏನಂತೀರಿ?"

"ಹಾಕಿ" ಎಂದರು ಅತ್ತೆ.

ಆಪರೇಷನ್ ದಿನ ಬೆಳಿಗ್ಗೆ ತಕರಾರು ಶುರುವಾಯಿತು. ಮೈಮೇಲಿನ ಲೋಹವೆಲ್ಲ ತೆಗೆಯಬೇಕು ಎಂದರು ನರ್ಸ್. ಬಳೆ, ಓಲೆ ಬಿಚ್ಚಿಕೊಟ್ಟ ಅತ್ತೆ ಕೊರಳಿನ ಬೆಳ್ಳಿ ಕರಡಿಗೆಯನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದುಕೊಂಡರು. ಅದರೊಳಗೆ ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಅವರ ಮೈ ಬಿಟ್ಟು ಅಗಲಿದ್ದಿಲ್ಲ. "ಲಿಂಗ ಬಿಚ್ಚಿಟ್ಟು ಬದುಕೋಕಿಂತ ಹಿಂಗೇ ಸಾಯ್ತೀನಿ. ಮನೆಗೆ ಕರ್ಕೊಂಡೋಗಪ್ಪ" ಎಂದು ಮಗನಿಗೆ ಹೇಳಿದರು. ನಮ್ಮ ಯಜಮಾನರು ಕೈಮುಗಿದರು, ಅತ್ತರು, ಕೊನೆಗೆ ಕಾರು ಹುಡುಕಲು ಹೊರಟೇಬಿಟ್ಟರು. ನನಗೆ ಸಿಟ್ಟು, ಭಯ ಎರಡೂ.

ಹಸಿರು ಟೋಪಿಯಲ್ಲೇ ಡಾಕ್ಟರು ಹೊರಬಂದರು. ಅವರು ನಮ್ಮವರಲ್ಲ, ಈ ಆಚಾರ ಗೊತ್ತಿರಲಿಲ್ಲ. ಮಂಚದ ಪಕ್ಕ ಕೂತು, "ಕೊರಳಲ್ಲೇ ಇರ್ಬೇಕಾ ಅಮ್ಮ, ಮೈಮೇಲಿದ್ರೆ ಸಾಕಾ?" ಎಂದರು.

ಅತ್ತೆ ಯೋಚಿಸಿದರು. "ತೋಳಿಗೂ ಕಟ್ಕೋಬೋದು."

"ಹಾಗಾದ್ರೆ ಬೆಳ್ಳಿ ಮಾತ್ರ ಸೊಸೆ ಹತ್ರ ಕೊಡಿ. ಲಿಂಗ ನೀವೇ ತೆಗೀರಿ, ನಾನು ಮುಟ್ಟಲ್ಲ."

ಅತ್ತೆ ಲಿಂಗವನ್ನು ಆಸ್ಪತ್ರೆಯ ಶುಭ್ರ ಬಟ್ಟೆಯಲ್ಲಿ ಸುತ್ತಿ ಎಡತೋಳಿಗೆ ಒತ್ತಿಕೊಂಡರು. ಡಾಕ್ಟರು ಮೇಲೆ ಬ್ಯಾಂಡೇಜ್ ಕಟ್ಟಿದರು. ನರ್ಸ್ ಏನೋ ಹೇಳಹೊರಟಾಗ, "ನಾನು ಕೊಯ್ಯೋದು ತೊಡೆ ಕಣಮ್ಮ, ತೋಳಲ್ಲ" ಎಂದು ಒಳಗೆ ನಡೆದರು.

ಆಪರೇಷನ್ ಸಲೀಸಾಗಿ ಮುಗಿಯಿತು. ಪೂಜೆಯಾಗದೆ ಅತ್ತೆ ತುತ್ತು ಮುಟ್ಟುವುದಿಲ್ಲವೆಂದು ತಿಳಿದ ಮೇಲೆ ಡಾಕ್ಟರು ಅವರ ವ್ಯಾಯಾಮಕ್ಕೂ ಅದನ್ನೇ ದಾರಿ ಮಾಡಿಕೊಂಡರು. ಮೊದಲು ಮಂಚದಂಚಿನಲ್ಲಿ ಕಾಲು ಇಳಿಬಿಟ್ಟು ಪೂಜೆ. ಆಮೇಲೆ ವಾಕರ್ ಹಿಡಿದು ಕಿಟಕಿಯ ಪಕ್ಕದ ಕುರ್ಚಿಗೆ ಹೋದರೇ ಪೂಜೆ. ಅತ್ತೆ ಬೈದುಕೊಂಡೇ ನಡೆದರು. ಬೈಗುಳ ಕೇಳಿ ಡಾಕ್ಟರಿಗೆ ಖುಷಿ.

ಕೆಲವು ವರ್ಷಗಳ ಮೇಲೆ ಡಾಕ್ಟರೇ ಹೃದಯಾಘಾತದಿಂದ ಹೋಗಿಬಿಟ್ಟರು. ಅರವತ್ತೂ ಆಗಿರಲಿಲ್ಲ. ಅತ್ತೆ ಹಟ ಹಿಡಿದು ಶಿವಮೊಗ್ಗಕ್ಕೆ ಹೊರಟರು. ಕೋಲೂರಿಕೊಂಡು, ನನ್ನ ಕೈಯನ್ನೂ ಹಿಡಿಯದೆ, ಜನರ ನಡುವೆ ಹೋಗಿ ಅವರ ಕಾಲ ಬಳಿ ನಿಂತರು. "ನನ್ನ ಎಬ್ಬಿಸಿ ನೀನು ಮಲಗಿದ್ಯಲ್ಲೋ ಅಪ್ಪ" ಎಂದು ಗಟ್ಟಿಯಾಗಿ ಅತ್ತರು. ಯಾರೋ ಕುರ್ಚಿ ತಂದಿಟ್ಟರು. ಅತ್ತೆ ಕೂರಲಿಲ್ಲ, ಡಾಕ್ಟರನ್ನು ಎತ್ತಿಕೊಂಡು ಹೋಗುವವರೆಗೂ ನಿಂತೇ ಇದ್ದರು.